ಪದದ ಹೆಸರು ಕೇಳಬ್ಯಾಡ, ಕೆಲಸ ಕೇಳು

ತಮ್ಮಾ, ನಿನ್ನ ನೋಟ್‌ಬುಕ್ ನೋಡಿದೆ. ಎಂಟು ಮನಿ ಕೊರೆದು ಎಂಟು ಹೆಸರು ಬರ್ದೀದಿ. ನೌನ್, ಪ್ರೊನೌನ್, ವರ್ಬ್, ಅಡ್ಜೆಕ್ಟಿವ್, ಅಡ್ವರ್ಬ್, ಪ್ರಿಪೊಸಿಷನ್, ಕಂಜಂಕ್ಷನ್, ಇಂಟರ್ಜೆಕ್ಷನ್. ಒಂದೊಂದರ ಕೆಳಗ ವ್ಯಾಖ್ಯೆ. ನಡುರಾತ್ರಿ ಎಬ್ಬಿಸಿ ಕೇಳಿದರೂ ಗಡಗಡ ಹೇಳ್ತೀ, ಗೊತ್ತದ. ಈಗ ಒಂದು ಪದ ಕೊಡ್ತೀನಿ, ವಾಟರ್. ಇದು ಯಾವ ಮನ್ಯಾಗ ಕೂಡ್ತದ?

ನೌನ್ ಅಂದೆ. ನಾರಾಯಣಪುರ ಡ್ಯಾಮಿನಿಂದ ಕೃಷ್ಣಾ ನೀರು ಕಾಲುವ್ಯಾಗ ಬಂದಾಗ ಶಹಾಪುರ, ಸುರಪುರ ಸೀಮಿ ರೈತರು ಏನ್ ಮಾಡ್ತಾರ? ಭತ್ತಕ್ಕ ನೀರು ಹಾಯಿಸ್ತಾರ. ಇಂಗ್ಲಿಷಿನಾಗ ‘ದೆ ವಾಟರ್ ದ ಪ್ಯಾಡಿ’. ಅಲ್ಲಿ ವಾಟರ್ ವರ್ಬ್ ಆಯ್ತು. ‘ವಾಟರ್ ಟ್ಯಾಂಕ್’ ಅಂದರ ಅದೇ ವಾಟರ್ ಟ್ಯಾಂಕಿನ ಮುಂದ ನಿಂತು ಎಂಥಾ ಟ್ಯಾಂಕ್ ಅಂತ ಹೇಳ್ತದ. ಪದ ಒಂದೇ, ಕೆಲಸ ಮೂರು. ನಿನ್ನ ಎಂಟು ಮನಿ ಪಟ್ಟಿಗಿ ಇದು ಹಿಡಿಸೂದಿಲ್ಲ. ನೀ ಊರಾಗ ಅಪ್ಪನ ಮಗ, ಸಾಲ್ಯಾಗ ಮಾಸ್ತರ ಶಿಷ್ಯ, ಕಬಡ್ಡಿ ಕಣದಾಗ ರೈಡರ್. ಇಂಗ್ಲಿಷ್ ಪದಾನೂ ಹಂಗೇ. ಅದಕ್ಕ, ಪದ ಕಂಡ ಕೂಡಲೇ ‘ಇದು ಏನು’ ಅನ್ನಬ್ಯಾಡ, ‘ಇದು ಇಲ್ಲಿ ಏನ್ ಮಾಡ್ಲಿಕತ್ತದ’ ಅಂತ ಕೇಳು. ಹಿಂದ ‘ದ’ ಇಲ್ಲಾ ‘ಎ’ ನಿಂತಿತ್ತಂದ್ರ ಮುಂದ ಎಲ್ಲೋ ನೌನ್ ಬರ್ಲಿಕ್ಕೇ ಬೇಕು. ನಿನ್ನೆ ನಾಳೆ ಮಾಡಿದರ ರೂಪ ಬದಲಾಗ್ತದೇನು ನೋಡು, ಆದರ ವರ್ಬ್.

ಎಂಟು ಅನ್ನೂದು ಆಕಾಶದಿಂದ ಇಳಿದ ಲೆಕ್ಕ ಅಲ್ಲ, ಅದಕ್ಕೂ ಹೆದರಬ್ಯಾಡ. ಹಳೇ ಗ್ರೀಕ್ ವ್ಯಾಕರಣದಾಗೂ ಎಂಟೇ ಇದ್ವು, ಆದರ ಅದರಾಗ ಆರ್ಟಿಕಲ್ ಇತ್ತು, ಇಂಟರ್ಜೆಕ್ಷನ್ ಇರ್ಲಿಲ್ಲ. ಲ್ಯಾಟಿನ್‌ನಾಗ ಆರ್ಟಿಕಲ್ಲೇ ಇಲ್ಲ, ಅದನ್ನ ಬಿಟ್ಟು ಇಂಟರ್ಜೆಕ್ಷನ್ ಸೇರಿಸಿ ಮತ್ತ ಎಂಟು ಮಾಡಿದರು. ನಮ್ಮವರು ನಾಮಪದ, ಕ್ರಿಯಾಪದ, ಅವ್ಯಯ ಅಂತ ಹಿಡಿದು ಸಾಗಿಸ್ಯಾರ. ಕನ್ನಡ ವ್ಯಾಕರಣ ನಿನಗ ಬೇರೆ ಊರಿನ ಸರಕಲ್ಲ. ಕವಿರಾಜಮಾರ್ಗ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಳಖೇಡ ನಮ್ಮ ಯಾದಗಿರಿ ಮಗ್ಗಲಿನ ಜಿಲ್ಲ್ಯಾಗೇ ಅದ. ಕೇಶಿರಾಜ 13ನೇ ಶತಮಾನದಾಗ ಶಬ್ದಮಣಿದರ್ಪಣ ಬರೆದ. ಅದರಾಗಿನ ವಿಭಕ್ತಿ ಪ್ರತ್ಯಯ ನೀ ಏಳನೇತ್ತಕ್ಕೇ ಓದೀದಿ. ಅದೇ ಇಲ್ಲಿ ಕೆಲಸಕ್ಕ ಬರ್ತದ.

ಹ್ಯಾಂಗ ಅಂದರ, ಯಾದಗಿರಿಯಿಂದ ಶಹಾಪುರಕ್ಕ ಹೋದೆ ಅಂತೀ. ‘ಇಂದ’, ‘ಕ್ಕ’ ಪದದ ಬಾಲಕ್ಕ ಅಂಟ್ಯಾವ. ಇಂಗ್ಲಿಷಿನವ ಅವನ್ನ ಕಿತ್ತು ಮುಂದ ನಿಲ್ಲಿಸ್ತಾನ: ‘ಫ್ರಮ್ ಯಾದಗಿರಿ’, ‘ಟು ಶಹಾಪುರ’. ಪ್ರಿಪೊಸಿಷನ್ ಅಂದರ ಬಹುಪಾಲು ನಿನಗ ಗೊತ್ತಿದ್ದ ಪ್ರತ್ಯಯವೇ, ಜಾಗ ಬದಲಾಗ್ಯದ ಅಷ್ಟೇ. ಎಲ್ಲಾ ಕಡೆ ಹೊಂದೂದಿಲ್ಲ ಮತ್ತ. ‘ಬೆಳಿ ಬಗ್ಗೆ ಚರ್ಚಾ ಮಾಡಿದೆವು’ ಅಂತ ನಾವು ಅಂತೀವಿ ಅಂತ ‘ಡಿಸ್ಕಸ್’ ಮುಂದ ‘ಅಬೌಟ್’ ಹಚ್ಚಬ್ಯಾಡ, ಆ ವರ್ಬಿಗಿ ಅದು ಬೇಕಿಲ್ಲ.

ನಮ್ಮ ಕಡಿ ಹುಡುಗರು ಹೆಚ್ಚು ಎಡವೂದು ಅಡ್ವರ್ಬಿನಾಗ. ‘ಛಲೋ ಹುಡುಗ’ ಅಂತೀವಿ, ‘ಛಲೋ ಓದ್ತಾನ’ ಅಂತೀವಿ. ಎರಡಕ್ಕೂ ಒಂದೇ ಛಲೋ ಸಾಕು. ಇಂಗ್ಲಿಷಿಗಿ ಸಾಕಾಗೂದಿಲ್ಲ: ಹುಡುಗ ‘ಗುಡ್’, ಓದೂದು ‘ವೆಲ್’. ‘ಹಿ ರೀಡ್ಸ್ ಗುಡ್’ ಅಂತ ಬರೆಯೋ ಹುಡುಗ ದಡ್ಡ ಅಲ್ಲ, ಅವನ ತಾಯಿಮಾತು ಆ ಭೇದ ಕೇಳಿಲ್ಲ. ಇನ್ನೊಂದು, ಶಹಾಪುರದ ಮಲಗಿದ ಬುದ್ಧನ ಗುಡ್ಡ ನೋಡಿ ‘ಗುಡ್ಡ ಎತ್ತರ ಅದ’ ಅಂತೀವಿ. ಎತ್ತರ ಅನ್ನೂದು ನಮ್ಮಲ್ಲಿ ನಾಮಪದ, ಹಂಗೇ ಇಟ್ಟು ‘ದ ಹಿಲ್ ಈಸ್ ಹೈಟ್’ ಅಂತ ಬರೆದವರನ್ನ ಕಂಡೀನಿ. ಅಲ್ಲಿ ಅಡ್ಜೆಕ್ಟಿವ್ ಬೇಕು, ‘ಹೈ’. ‘ಸಿಟ್ಟು’, ‘ಬಡತನ’, ‘ಉದ್ದ’ ಇಂಥವು ಬಂದಾಗೆಲ್ಲ ನಿಂತು ನೋಡು.

ಇವೆಲ್ಲ ಪಟ್ಟಿಗಿಂತ ಬಳಸ್ಕೋತನೇ ಹೆಚ್ಚು ಬರ್ತಾವ. ಸುರಪುರ ಗುಡ್ಡದ ಮ್ಯಾಲ ಟೇಲರ್ ಮಂಜಿಲ್ ನೋಡೀದಿಲ್ಲ? ಅದನ್ನ ಕಟ್ಟಿಸಿದ ಮೆಡೋಸ್ ಟೇಲರ್ 1824ರಾಗ ಹದಿನೈದರ ಹುಡುಗಾಗಿ ಹಡಗು ಹತ್ತಿ ಬಂದವ, ಮುಂಬೈದಾಗ ವ್ಯಾಪಾರಿ ಹಂತೇಕ ಗುಮಾಸ್ತಿಕಿ ಮಾಡ್ಲಿಕ್ಕ. ಆಮ್ಯಾಲ ನಿಜಾಮನ ನೌಕರಿ ಸೇರಿ, 1841ರ ಹೊತ್ತಿಗಿ ಸುರಪುರಕ್ಕ ಬಂದ, ಬಾಲರಾಜ ವೆಂಕಟಪ್ಪ ನಾಯಕನ ವಿದ್ಯಾಭ್ಯಾಸದ ಹೊಣಿ ಹೊತ್ತ. ಆ ರಾಜ ಅವನನ್ನ ‘ಅಪ್ಪಾ’ ಅಂತಿದ್ದ ಅಂತ ಟೇಲರ್ ಆತ್ಮಕಥ್ಯಾಗ ಅದ. ನಿನಗ ಬೇಕಾದ್ದು ಇಷ್ಟು: ಕಾಲೇಜು ಕಾಣದ ಟೇಲರ್ ಇಲ್ಲಿನ ಮಾತು ಕಲ್ತದ್ದು ಜನರ ನಡುವ ಕೆಲಸ ಮಾಡ್ಕೋತ.

ನಿನಗೂ ಅಂಥದ್ದೊಂದು ಸಾಲಿ ಪುಕ್ಕಟೆ ಅದ, ಯಾದಗಿರಿ ರೈಲು ಸ್ಟೇಷನ್. ಮುಂಬೈ–ಚೆನ್ನೈ ಮಾರ್ಗ, ಗಾಡಿಗಿ ಬರವಿಲ್ಲ. ಪ್ಲಾಟ್‌ಫಾರ್ಮಿನ ಮ್ಯಾಲ ಕೂತು ಅನೌನ್ಸ್‌ಮೆಂಟ್ ಕನ್ನಡದಾಗ ಕೇಳು, ಇಂಗ್ಲಿಷಿನಾಗ ಕೇಳು. ಕನ್ನಡದಾಗ ಗಾಡಿ ಬರೂದು ವಾಕ್ಯದ ಕಡೀಗಿ, ಇಂಗ್ಲಿಷಿನಾಗ ಪ್ಲಾಟ್‌ಫಾರ್ಮಿಗಿಂತ ಮೊದಲೇ ಬಂದುಬಿಡ್ತದ. ಮೊದಲು ಆ ವರ್ಬ್ ಹಿಡಿ. ಯಾವುದು ಬರ್ತದ, ಎಲ್ಲಿಗಿ, ಯಾವಾಗ ಅಂತ ಅದನ್ನೇ ಕೇಳು. ‘ಶಾರ್ಟ್ಲಿ’ ಅಂತ ಒಂದು ಪದ ಕಿವಿಗಿ ಬೀಳ್ತದ, ಅದು ಯಾವ ಮನಿದು ಅಂತ ನಾನು ಹೇಳೂದಿಲ್ಲ. ಬರೂ ಆಯ್ತಾರ ನೀನೇ ಬಂದು ನನಗ ಹೇಳು.