ಸವಾರನಿಲ್ಲದ ಕುದುರೆ: ಕಲ್ಲಿನಲ್ಲಿ ಬುದ್ಧನ ಕಥೆ ಓದುವುದು ಹೇಗೆ?



ಸಮಾಜ ವಿಜ್ಞಾನದ ಪುಸ್ತಕದಲ್ಲಿ ಸಾಂಚಿ ಸ್ತೂಪದ ಚಿತ್ರ ನೋಡಿರುತ್ತೀರಿ. ಸಾಂಚಿ ಎಲ್ಲಿದೆ? ಮಧ್ಯಪ್ರದೇಶದಲ್ಲಿದೆ. ಅಲ್ಲಿಗೆ ಒಂದು ಅಂಕ ಬಂತು, ಪುಟ ತಿರುಗಿಸಿದೆವು. ಆದರೆ ಆ ಸ್ತೂಪದ ನಾಲ್ಕು ದಿಕ್ಕಿಗೂ ನಾಲ್ಕು ಕಲ್ಲಿನ ಬಾಗಿಲುಗಳಿವೆ. ಅವಕ್ಕೆ ತೋರಣ ಎನ್ನುತ್ತಾರೆ. ಎರಡು ಕಂಬ, ಅವುಗಳ ಮೇಲೆ ಮೂರು ಅಡ್ಡ ತೊಲೆ. ಇವು ಸುಮಾರು ಎರಡು ಸಾವಿರ ವರ್ಷ ಹಳೆಯವು. ಇವುಗಳ ಮೇಲೆ ಅಂಗೈ ಅಗಲದ ಜಾಗವನ್ನೂ ಬಿಡದೆ ಚಿತ್ರ ಕೆತ್ತಿದ್ದಾರೆ. ಬರೀ ಅಲಂಕಾರ ಅಂತ ತಿಳಿಯಬೇಡಿ, ಅವು ಕಥೆಗಳು. ಆ ಕಾಲದಲ್ಲಿ ಅಕ್ಷರ ಬಲ್ಲವರು ಕಡಿಮೆ. ಕಥೆ ಕೇಳಿ ಗೊತ್ತಿದ್ದವರು ಸ್ತೂಪದ ಸುತ್ತ ಪ್ರದಕ್ಷಿಣೆ ಬರುತ್ತಾ ಕಲ್ಲನ್ನೇ ಓದಿಕೊಳ್ಳುತ್ತಿದ್ದರು. ನಾವೂ ಓದಬಹುದು, ಒಂದೆರಡು ಗುಟ್ಟು ತಿಳಿದಿದ್ದರೆ ಸಾಕು.

ಮೊದಲು ಕುದುರೆಯ ಕಥೆ. ಸಾಂಚಿಯ ಪೂರ್ವ ತೋರಣದ ನಡುವಿನ ತೊಲೆಯಲ್ಲಿ ಎಡಗಡೆ ಒಂದು ಊರಿದೆ. ಕೋಟೆ ಇದೆ, ಜನರಿದ್ದಾರೆ. ಊರಿನ ಬಾಗಿಲಿನಿಂದ ಒಂದು ಕುದುರೆ ಹೊರಗೆ ಬರುತ್ತಿದೆ. ಅದರ ಬೆನ್ನ ಮೇಲೆ ಯಾರೂ ಇಲ್ಲ! ಆದರೂ ಒಬ್ಬ ಅದಕ್ಕೆ ಛತ್ರಿ ಹಿಡಿದಿದ್ದಾನೆ. ಸ್ವಲ್ಪ ಮುಂದೆ ಮತ್ತೆ ಅದೇ ಕುದುರೆ, ಮತ್ತೆ ಛತ್ರಿ. ಹೀಗೆ ನಾಲ್ಕು ಸಲ. ಗೊತ್ತಿಲ್ಲದವರು ನೋಡಿದರೆ ನಾಲ್ಕು ಕುದುರೆಗಳ ಮೆರವಣಿಗೆ ಅಂದುಕೊಳ್ಳುತ್ತಾರೆ. ಖಾಲಿ ಕುದುರೆಗೆ ಛತ್ರಿ ಯಾಕೆ ಅಂತ ಯಾರೂ ಕೇಳುವುದಿಲ್ಲ.

ಅದು ಕಂಥಕ, ಸಿದ್ಧಾರ್ಥನ ಕುದುರೆ. ಹೆಂಡತಿ ಯಶೋಧರೆ, ಮಗು ರಾಹುಲ ಮಲಗಿದ್ದಾಗ ಸಿದ್ಧಾರ್ಥ ರಾತ್ರೋರಾತ್ರಿ ಕಪಿಲವಸ್ತು ಬಿಟ್ಟು ಹೊರಟ ಕಥೆ ನಮಗೆಲ್ಲ ಗೊತ್ತು. ಊರವರಿಗೆ ಎಚ್ಚರ ಆಗಬಾರದು ಅಂತ ದೇವತೆಗಳು ಕುದುರೆಯ ಗೊರಸುಗಳನ್ನು ಕೈಯಲ್ಲಿ ಎತ್ತಿ ಹಿಡಿದರಂತೆ. ಕಲ್ಲಿನಲ್ಲಿ ಗೊರಸಿನ ಕೆಳಗೆ ನೋಡಿ, ಹಿಡಿದುಕೊಂಡವರು ಕಾಣುತ್ತಾರೆ. ಬೆನ್ನ ಮೇಲೆ ಸಿದ್ಧಾರ್ಥ ಇದ್ದಾನೆ, ಆದರೆ ಶಿಲ್ಪಿ ಅವನನ್ನು ಕೆತ್ತಿಲ್ಲ. ಅವನು ಇದ್ದಾನೆ ಅನ್ನುವುದಕ್ಕೆ ಛತ್ರಿಯೇ ಗುರುತು. ಬಲತುದಿಗೆ ಹೋದರೆ ಎರಡು ಪಾದದ ಗುರುತುಗಳಿವೆ, ಅವುಗಳ ಮೇಲೆ ಛತ್ರಿ ಇದೆ. ಅಂದರೆ ಅವನು ಇಳಿದ, ಇನ್ನು ನಡೆದೇ ಹೋಗುತ್ತಾನೆ. ಸಾರಥಿ ಚನ್ನ ಆ ಪಾದಗಳಿಗೆ ಮಂಡಿಯೂರಿ ನಮಸ್ಕರಿಸುತ್ತಿದ್ದಾನೆ. ಆಮೇಲೆ ಕುದುರೆ ಊರಿನ ಕಡೆಗೆ ತಿರುಗಿದೆ. ಈಗ ಅದಕ್ಕೆ ಛತ್ರಿ ಇಲ್ಲ. ಆಗಲೂ ಬೆನ್ನು ಖಾಲಿ, ಈಗಲೂ ಖಾಲಿ. ಈಗ ನಿಜವಾಗಿ ಖಾಲಿ, ಅಷ್ಟೇ ವ್ಯತ್ಯಾಸ. ಒಂದು ಛತ್ರಿ ತೆಗೆದು ಇಷ್ಟು ದುಃಖ ಹೇಳಿದ ಆ ಶಿಲ್ಪಿಯ ಬುದ್ಧಿಗೆ ನಾನಂತೂ ಬೆರಗಾಗಿದ್ದೇನೆ.

ಇದೇ ಮೊದಲನೆಯ ಗುಟ್ಟು. ಹಳೆಯ ಶಿಲ್ಪಗಳಲ್ಲಿ ಬುದ್ಧನನ್ನು ಮನುಷ್ಯ ರೂಪದಲ್ಲಿ ತೋರಿಸುತ್ತಿರಲಿಲ್ಲ. ಅವನಿಗೆ ಜ್ಞಾನ ಆಯಿತು ಅನ್ನಲು ಅರಳಿ ಮರ ಮತ್ತು ಖಾಲಿ ಪೀಠ, ಮೊದಲ ಉಪದೇಶಕ್ಕೆ ಚಕ್ರ, ನಿರ್ವಾಣಕ್ಕೆ ಸ್ತೂಪ, ನಡೆದಾಡಿದ ಅನ್ನಲು ಪಾದ. ಯಾಕೆ ಹೀಗೆ ಅನ್ನುವುದಕ್ಕೆ ವಿದ್ವಾಂಸರೆಲ್ಲ ಒಂದೇ ಕಾರಣ ಹೇಳುವುದಿಲ್ಲ. ನಿರ್ವಾಣ ಹೊಂದಿದವನಿಗೆ ರೂಪ ಕೊಡಬಾರದು ಎಂದು ಹಾಗೆ ಮಾಡಿದರು ಅಂತ ಕೆಲವರು. ಜನ ಆ ಮರ, ಆ ಪೀಠಕ್ಕೇ ಯಾತ್ರೆ ಬಂದು ಪೂಜೆ ಮಾಡುವುದನ್ನು ಕೆತ್ತಿದ್ದಾರೆ ಅಂತ ಇನ್ನು ಕೆಲವರು.

ಎರಡನೆಯ ಗುಟ್ಟು ಕುದುರೆಯಲ್ಲೇ ಬಂದುಹೋಯಿತು. ಒಂದೇ ಚೌಕಟ್ಟಿನಲ್ಲಿ ಒಬ್ಬನೇ ಹಲವು ಸಲ ಬರುತ್ತಾನೆ. ಸಿನಿಮಾದಲ್ಲಿ ಒಂದಾದ ಮೇಲೆ ಒಂದು ಬರುವ ದೃಶ್ಯಗಳನ್ನು ಒಟ್ಟಿಗೇ ಹರವಿದ ಹಾಗೆ. ಇದಕ್ಕೆ ನನಗೆ ತುಂಬ ಇಷ್ಟವಾದದ್ದು ಭಾರ್ಹುತ್‌ನ ಜಿಂಕೆಯ ಕಥೆ. ಭಾರ್ಹುತ್ ಕೂಡ ಮಧ್ಯಪ್ರದೇಶದಲ್ಲೇ ಇದೆ, ಸಾಂಚಿಯ ತೋರಣಗಳಿಗಿಂತ ಹಳೆಯದು. ಒಂದು ದುಂಡನೆಯ ಪದಕದೊಳಗೆ ಇಡೀ ಕಥೆ ಇದೆ. ಕೆಳಗೆ ಹೊಳೆ ಹರಿಯುತ್ತಿದೆ, ಮುಳುಗುತ್ತಿದ್ದ ಮನುಷ್ಯನನ್ನು ಚಿನ್ನದ ಬಣ್ಣದ ಜಿಂಕೆ ಬೆನ್ನ ಮೇಲೆ ಹೊತ್ತು ದಡ ಸೇರಿಸುತ್ತಿದೆ. ‘ನಾನಿರುವ ಜಾಗ ಯಾರಿಗೂ ಹೇಳಬೇಡ’ ಅಂತ ಅದು ಮಾತು ತೆಗೆದುಕೊಂಡಿತ್ತು. ಅವನು ರಾಜ ಕೊಡುವ ಬಹುಮಾನದ ಆಸೆಗೆ ಹೇಳಿಬಿಟ್ಟ. ಮೇಲ್ಗಡೆ ರಾಜ ಬಿಲ್ಲು ಎಳೆದು ನಿಂತಿದ್ದಾನೆ, ಆ ದ್ರೋಹಿ ಬೆರಳು ತೋರಿಸುತ್ತಿದ್ದಾನೆ. ನಡುವೆ ಅದೇ ರಾಜ ಬಿಲ್ಲು ಬಿಟ್ಟು, ಜಿಂಕೆಯ ಮುಂದೆ ಕೈಮುಗಿದಿದ್ದಾನೆ. ಜಿಂಕೆ ಎಲ್ಲವನ್ನೂ ಹೇಳಿದ ಮೇಲೆ ರಾಜ ಆ ಮನುಷ್ಯನನ್ನೇ ಹೊಡೆಯಲು ಹೊರಟನಂತೆ, ಜಿಂಕೆಯೇ ತಡೆಯಿತಂತೆ. ಈ ಜಿಂಕೆ ಹಿಂದಿನ ಜನ್ಮದ ಬುದ್ಧ. ಬುದ್ಧನ ಹಿಂದಿನ ಜನ್ಮಗಳ ಕಥೆಗಳಿಗೆ ಜಾತಕ ಕಥೆಗಳು ಅಂತ ಹೆಸರು. ಅವುಗಳಲ್ಲಿ ಅವನು ಇನ್ನೂ ಬುದ್ಧ ಆಗಿಲ್ಲ, ಆದ್ದರಿಂದ ಜಿಂಕೆ, ಆನೆ, ಕೋತಿಯಾಗಿ ಧಾರಾಳವಾಗಿ ಕಾಣಿಸಿಕೊಳ್ಳುತ್ತಾನೆ.

ಭಾರ್ಹುತ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಅನೇಕ ಚಿತ್ರಗಳ ಜೊತೆಗೇ ಬ್ರಾಹ್ಮಿ ಲಿಪಿಯಲ್ಲಿ ಹೆಸರು ಕೆತ್ತಿದ್ದಾರೆ. ನಮ್ಮ ನಕಾಶೆಯಲ್ಲಿ ಊರಿನ ಹೆಸರು ಬರೆದಂತೆ. ಜಿಂಕೆಯ ಪದಕದಲ್ಲಿ ‘ಮಿಗ ಜಾತಕಂ’ ಅಂತಿದೆ. ಮಿಗ ಅಂದರೆ ಮೃಗ. ಹಳಗನ್ನಡದಲ್ಲೂ ಮಿಗ ಇದೆ ಅಲ್ವಾ? ಇನ್ನೊಂದು ಪದಕದಲ್ಲಿ ಅನಾಥಪಿಂಡಿಕನೆಂಬ ವ್ಯಾಪಾರಿ ಬುದ್ಧನಿಗಾಗಿ ಜೇತವನ ಕೊಂಡದ್ದು ಇದೆ. ನೆಲ ಮುಚ್ಚುವಷ್ಟು ನಾಣ್ಯ ಹರಡಿದರೆ ಮಾತ್ರ ತೋಟ ಕೊಡುತ್ತೇನೆ ಅಂದನಂತೆ ಅದರ ಒಡೆಯ. ಚಿತ್ರದಲ್ಲಿ ನಾಣ್ಯ ತಂದ ಗಾಡಿ ನಿಂತಿದೆ, ನೊಗ ಬಿಚ್ಚಿದ ಎತ್ತುಗಳು ಪಕ್ಕದಲ್ಲಿ ಸುಧಾರಿಸಿಕೊಳ್ಳುತ್ತಿವೆ, ಆಳುಗಳು ಚೌಕನೆಯ ನಾಣ್ಯಗಳನ್ನು ನೆಲದ ಮೇಲೆ ಒಂದೊಂದಾಗಿ ಜೋಡಿಸುತ್ತಿದ್ದಾರೆ. ಅನಾಥಪಿಂಡಿಕ ಧಾರೆ ಎರೆಯಲು ನೀರಿನ ಗಿಂಡಿ ಹಿಡಿದಿದ್ದಾನೆ. ನಮ್ಮ ಊರಿನ ಯಾವ ಮನೆಯ ಮುಂದಾದರೂ ಗಾಡಿ ಬಿಚ್ಚಿದಾಗ ಹೀಗೇ ಕಾಣುತ್ತದೆ.

ಇಂಥ ಕಲ್ಲುಗಳನ್ನು ಜನ ಏನು ಮಾಡಿದರು ಗೊತ್ತಾ? 1873ರಲ್ಲಿ ಅಲೆಕ್ಸಾಂಡರ್ ಕನಿಂಗ್‌ಹ್ಯಾಮ್ ಭಾರ್ಹುತ್‌ಗೆ ಹೋದಾಗ ಸ್ತೂಪದ ಬಹುಭಾಗ ಹೋಗಿತ್ತು. ಸುತ್ತಲಿನವರು ಮನೆ ಕಟ್ಟಲು ಅದನ್ನು ಹೊತ್ತುಕೊಂಡು ಹೋಗಿದ್ದರು. ಉಳಿದದ್ದರಲ್ಲಿ ಹೆಚ್ಚಿನದು ಈಗ ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂನಲ್ಲಿದೆ. ಆಂಧ್ರದ ಅಮರಾವತಿಯ ಸ್ತೂಪದ್ದು ಇನ್ನೂ ಕಷ್ಟ. ಅಲ್ಲಿಯದು ಸುಣ್ಣದ ಕಲ್ಲು, ಎಷ್ಟೋ ಶಿಲ್ಪಗಳನ್ನು ಸುಟ್ಟು ಸುಣ್ಣ ಮಾಡಿದರು. ತಪ್ಪಿಸಿಕೊಂಡವು ಚೆನ್ನೈನಲ್ಲಿ, ಲಂಡನ್ನಿನಲ್ಲಿ ಇವೆ. ಚೆನ್ನೈನಲ್ಲಿರುವ ಒಂದು ಪದಕದಲ್ಲಿ ಮದವೇರಿದ ನಾಲಾಗಿರಿ ಆನೆ ಒಂದು ಕಡೆ ಬೀದಿಯಲ್ಲಿ ಜನರನ್ನು ತುಳಿಯುತ್ತಿದೆ, ಅದೇ ಆನೆ ಇನ್ನೊಂದು ಕಡೆ ಬುದ್ಧನ ಕಾಲ ಬಳಿ ಮಂಡಿಯೂರಿದೆ. ಹೆಂಗಸರು ಮೇಲಿನ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದಾರೆ. ಇಲ್ಲಿ ಬುದ್ಧ ಖಾಲಿ ಜಾಗವಲ್ಲ, ಮನುಷ್ಯನಾಗಿಯೇ ನಿಂತಿದ್ದಾನೆ. ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು.

ಇನ್ನು ಬಣ್ಣದ ಚಿತ್ರ. ಅದಕ್ಕೆ ಮಹಾರಾಷ್ಟ್ರದ ಅಜಂತಾ. ಬೆಟ್ಟ ಕೊರೆದು ಮಾಡಿದ ಗುಹೆಗಳ ಒರಟು ಗೋಡೆಗೆ ಮಣ್ಣು, ಹೊಟ್ಟು, ನಾರು ಕಲಸಿ ಮೆತ್ತಿ, ಮೇಲೆ ತೆಳ್ಳಗೆ ಸುಣ್ಣ ಬಳಿದು, ಒಣಗಿದ ಮೇಲೆ ಬಣ್ಣ ಹಾಕುತ್ತಿದ್ದರು. (ಮಣ್ಣಿನ ಗೋಡೆಗೆ ಗಿಲಾವು ಮಾಡಿ ಸುಣ್ಣ ಹೊಡೆಯುವುದು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.) ಕೆಂಪು, ಹಳದಿ, ಹಸಿರು ಎಲ್ಲ ಮಣ್ಣು ಮತ್ತು ಕಲ್ಲಿನ ಪುಡಿ. ನೀಲಿ ಮಾತ್ರ ದೂರದೇಶದಿಂದ ಬಂದ ಲಾಜವರ್ದಿ ಕಲ್ಲಿನದು.

ಒಂದೇ ಕಥೆಯನ್ನು ಸಾಂಚಿಯ ಶಿಲ್ಪಿ ಮತ್ತು ಅಜಂತಾದ ಚಿತ್ರಕಾರ ಹೇಗೆ ಹೇಳಿದರು ಅನ್ನುವುದಕ್ಕೆ ಆರು ದಂತದ ಆನೆ ಛದ್ದಂತನ ಕಥೆ ನೋಡಿ. ಅವನ ಹೆಂಡತಿಯರಲ್ಲಿ ಒಬ್ಬಳು ಹೊಟ್ಟೆಕಿಚ್ಚಿನಿಂದ ಸತ್ತು, ರಾಣಿಯಾಗಿ ಹುಟ್ಟಿ, ಅವನ ದಂತ ತರಲು ಬೇಡನನ್ನು ಕಳಿಸುತ್ತಾಳೆ. ಬಾಣ ತಗುಲಿದ ಆನೆ ಬೇಡನಿಗೆ ದಂತ ಕೊಯ್ದುಕೊಳ್ಳಲು ತಾನೇ ಸಹಾಯ ಮಾಡುತ್ತದೆ. ಸಾಂಚಿಯ ದಕ್ಷಿಣ ತೋರಣದಲ್ಲಿ ಆನೆಗಳು ತಾವರೆ ಕೊಳದಲ್ಲಿ, ಮರದ ಕೆಳಗೆ ಆರಾಮವಾಗಿವೆ, ತುದಿಯಲ್ಲಿ ಬೇಡ ಬಿಲ್ಲು ಸಿದ್ಧ ಮಾಡುತ್ತಿದ್ದಾನೆ. ಅಲ್ಲಿಗೇ ನಿಂತಿತು. ಅಜಂತಾದ 10ನೇ ಗುಹೆಯ ಚಿತ್ರಕಾರ ಮುಂದೆ ಹೋಗಿದ್ದಾನೆ. ದಂತಗಳು ಅರಮನೆಗೆ ಬಂದಿವೆ, ಅವನ್ನು ಕಂಡ ರಾಣಿ ಮೂರ್ಛೆ ಹೋಗುತ್ತಿದ್ದಾಳೆ. ನನಗೆ ಸಾಂಚಿಯದೇ ಹೆಚ್ಚು ಭಯ ಹುಟ್ಟಿಸುತ್ತದೆ, ಆನೆಗಳಿಗೆ ಇನ್ನೂ ಗೊತ್ತಿಲ್ಲವಲ್ಲ!

ಅದೇ ಅಜಂತಾದ 17ನೇ ಗುಹೆ ಐದನೇ ಶತಮಾನದ್ದು. ಅಲ್ಲಿ ಬುದ್ಧ ಭಿಕ್ಷಾಪಾತ್ರೆ ಹಿಡಿದು ಕಪಿಲವಸ್ತುವಿಗೆ ವಾಪಸ್ ಬಂದಿದ್ದಾನೆ. ಬಾಗಿಲಲ್ಲಿ ಯಶೋಧರೆ ಮಗ ರಾಹುಲನನ್ನು ಮುಂದೆ ಮಾಡಿ ನಿಂತಿದ್ದಾಳೆ. ಬುದ್ಧ ಬೆಟ್ಟದಷ್ಟು ಎತ್ತರ, ತಾಯಿ ಮಗು ಪುಟ್ಟದಾಗಿ ತಲೆಯೆತ್ತಿ ನೋಡುತ್ತಿದ್ದಾರೆ. ಸಾಂಚಿಯಲ್ಲಿ ಖಾಲಿ ಕುದುರೆಯ ಮೇಲೆ ಹೋದವನು ಇವನೇ.

ಇಂಥದ್ದು ನಮ್ಮ ರಾಜ್ಯದಲ್ಲೂ ಇದೆ ಅನ್ನುವುದು ಅನೇಕರಿಗೆ ಗೊತ್ತಿಲ್ಲ. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಂಡೆಯಲ್ಲಿ ಸನ್ನತಿ ಇದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ನೋಡಿದರೆ ವಿಗ್ರಹದ ಕೆಳಗಿದ್ದ ಪೀಠವೇ ಅಶೋಕನ ಶಾಸನದ ಕಲ್ಲು! ಆಮೇಲೆ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ದೊಡ್ಡ ಸ್ತೂಪವೊಂದು ಸಿಕ್ಕಿತು. ಬುದ್ಧನ ಕಥೆಗಳು, ಶಾತವಾಹನ ರಾಜರು ಎಲ್ಲ ಸುಣ್ಣದ ಕಲ್ಲಿನ ಚಪ್ಪಡಿಗಳ ಮೇಲೆ ಇದ್ದಾರೆ. ಮಣ್ಣಿನಲ್ಲಿ ಹೂತುಹೋಗಿದ್ದರಿಂದ ಸುಣ್ಣದ ಗೂಡಿಗೆ ಹೋಗದೆ ಉಳಿದವು ಅಂತ ನನಗನ್ನಿಸುತ್ತದೆ. ಒಂದು ಚಪ್ಪಡಿಯಲ್ಲಿ ರಾಜ, ರಾಣಿ, ಛತ್ರಿ ಚಾಮರ ಹಿಡಿದ ಸೇವಕಿಯರು ಇದ್ದಾರೆ. ಅದರ ಮೇಲೆ ಬ್ರಾಹ್ಮಿಯಲ್ಲಿ ‘ರಾಯೊ ಅಸೋಕೊ’ ಅಂತ ಕೆತ್ತಿದೆ, ಅಂದರೆ ರಾಜ ಅಶೋಕ. ಇಲ್ಲಿ ಛತ್ರಿಯ ಕೆಳಗೆ ಮನುಷ್ಯ ಇದ್ದಾನೆ.

ಭಾರ್ಹುತ್‌ನ ಜಿಂಕೆಯ ಪದಕವನ್ನು ಪೆನ್ಸಿಲ್ಲಿನಲ್ಲಿ ಬಿಡಿಸಿ ಈ ಹಾಳೆಯ ಪಕ್ಕ ಅಂಟಿಸಿದ್ದೇನೆ. 1, 2, 3 ಅಂತ ಅಂಕಿ ಹಾಕಿಲ್ಲ. ಎಲ್ಲಿಂದ ಶುರು ಮಾಡಬೇಕು, ರಾಜ ಎಷ್ಟು ಸಲ ಬಂದಿದ್ದಾನೆ, ನೀವೇ ಹುಡುಕಿ.