ಜಾತ್ರೆಯ ಆಟಿಕೆ, ಅರಿಶಿಣ ಹಚ್ಚಿದ ಆಲೂಗಡ್ಡೆ: ಎರಡು ಬಾರಿ ಮಾಡಿದ ಒಂದು ಪಾಠ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಗಜೇಂದ್ರಗಡದ ಒಂದು ಶಾಲೆಯ ಏಳನೇ ತರಗತಿ. ಘಟಕ: ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು. ಘಟಕ ಮುಗಿದ ಮೇಲೆ ಉಳಿದ ಅವಧಿಗಳಲ್ಲಿ ಆಟಿಕೆಗಳ ಸುರಕ್ಷತೆ ಕುರಿತು ಪಾಠ ಮಾಡಲು ಅನುಮತಿ ಕೇಳಿದೆ. ಕಾರಣ ಸ್ವಂತದ್ದು. ಕಳೆದ ವರ್ಷ ಅಕ್ಕನ ಎರಡು ವರ್ಷದ ಮಗ ಮಿನುಗುವ ಆಟಿಕೆ ಮೊಬೈಲಿನ ಬಟನ್ ಸೆಲ್ ಬಾಯಿಗಿಟ್ಟುಕೊಂಡಿದ್ದ. ಅಕ್ಕ ನೋಡಿದ್ದರಿಂದ ಅದು ತುಟಿಯಲ್ಲೇ ಸಿಕ್ಕಿತು. ಆ ಆಟಿಕೆಯನ್ನು ಜಾತ್ರೆಯಿಂದ ತಂದವಳು ನಾನೇ.

ಮೊದಲ ಬಾರಿ ಚಾರ್ಟಿನಲ್ಲಿ ಆರು ನಿಯಮ ಬರೆದು ಒಂದೊಂದಾಗಿ ಓದಿಸಿದೆ. ಒಂದನೆಯದೇ 'ಐಎಸ್‌ಐ ಮುದ್ರೆ ಇಲ್ಲದ ಜಾತ್ರೆ ಆಟಿಕೆ ಕೊಳ್ಳಬೇಡಿ'. ಮಕ್ಕಳು ಬರೆದುಕೊಂಡರು. ಗಂಟೆ ಬಾರಿಸಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಬಂದು, "ಟೀಚರ್, ನಮ್ಮಪ್ಪ ಕಾಲಕಾಲೇಶ್ವರ ಜಾತ್ರ್ಯಾಗ ಅವನ್ನೇ ಮಾರತಾನ್ರೀ. ಮತ್ತೇನ್ ಮಾರಬೇಕ್ರೀ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ಒಂದೇ ಸಾಲು: "ನಿಯಮಗಳಿವೆ, ವಿಜ್ಞಾನ ಎಲ್ಲಿ?"

ನಿಯಮ ತಪ್ಪಾಗಿರಲಿಲ್ಲ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಮುದ್ರೆ ಕಡ್ಡಾಯ. (ನನ್ನ ತರಗತಿಯ ಮಕ್ಕಳೂ ಆ ವಯಸ್ಸಿನವರೇ, ಅದನ್ನು ಕೇಳಿ ಅವರಿಗೆ ಸ್ವಲ್ಪ ಅವಮಾನವಾಯಿತು.) ಆದರೆ ಭೌಗೋಳಿಕ ಸೂಚಕ ಪಡೆದ ಚನ್ನಪಟ್ಟಣದ ಗೊಂಬೆಗಳಂಥವಕ್ಕೆ ವಿನಾಯಿತಿಯೂ ಇದೆ. ಮುದ್ರೆ ಹುಡುಕುವುದೊಂದನ್ನೇ ಕಲಿಸಿದರೆ, ಮುದ್ರೆಯಿಲ್ಲದ ಆಟಿಕೆ ಈಗಾಗಲೇ ಮನೆಯಲ್ಲಿರುವ ಮಗುವಿಗೆ ನಾನು ಏನನ್ನೂ ಕಲಿಸಿದಂತಾಗುವುದಿಲ್ಲ.

ಎರಡನೆಯ ಬಾರಿ ಚಾರ್ಟ್ ಒಯ್ಯಲಿಲ್ಲ. ಆಲೂಗಡ್ಡೆಯ ಬಿಲ್ಲೆಗೆ ಉಪ್ಪುನೀರು, ಅರಿಶಿಣ ಸವರಿ, 3 ವೋಲ್ಟಿನ ಬಟನ್ ಸೆಲ್ಲನ್ನು ಋಣಧ್ರುವ ಕೆಳಗಾಗುವಂತೆ ಇಟ್ಟೆ. ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಗುಳ್ಳೆ ಕಂಡವು. ಹತ್ತು ನಿಮಿಷ ಬಿಟ್ಟು ಸೆಲ್ ಎತ್ತಿದಾಗ ಅದರಡಿ ಅರಿಶಿಣ ಕೆಂಪಾಗಿತ್ತು. "ಪ್ರತ್ಯಾಮ್ಲ ಆಗೇತ್ರೀ!" ಎಂದು ಮೂರ್ನಾಲ್ಕು ಮಕ್ಕಳು ಒಟ್ಟಿಗೆ ಕೂಗಿದರು. ಸೋಪಿನ ನೀರಿಗೆ ಅರಿಶಿಣ ಕೆಂಪಾಗುವುದನ್ನು ಹಿಂದಿನ ವಾರವಷ್ಟೇ ಅವರು ನೋಡಿದ್ದರು. ಸೆಲ್ ಒಡೆದು ಒಳಗಿನ ರಾಸಾಯನಿಕ ಸೋರಬೇಕಿಲ್ಲ. ಒದ್ದೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ವಿದ್ಯುತ್ ಹರಿದು ಋಣಧ್ರುವದ ಬಳಿ ಹೈಡ್ರಾಕ್ಸೈಡ್ ಉಂಟಾಗುತ್ತದೆ, ಅದೇ ಸುಡುತ್ತದೆ. ಎರಡು ಗಂಟೆಯೊಳಗೇ ತೀವ್ರ ಗಾಯವಾಗಬಹುದು. ಆಟಿಕೆ ಮಿನುಗಿಸಲಾರದ 'ಸತ್ತ' ಸೆಲ್ಲಿನಲ್ಲೂ ಸುಡುವಷ್ಟು ಶಕ್ತಿ ಉಳಿದಿರಬಹುದು.

"ನುಂಗಿದ್ರ ವಾಂತಿ ಮಾಡಿಸಬೇಕೇನ್ರೀ?" ಎಂದು ಒಬ್ಬಳು ಕೇಳಿದಳು. ಕೂಡದು. ಊಟ, ನೀರು ಕೊಡದೆ ಎಕ್ಸ್-ರೇ ಇರುವ ಆಸ್ಪತ್ರೆಗೆ ತಕ್ಷಣ ಹೊರಡಬೇಕು. ಮಗು ಒಂದು ವರ್ಷ ದಾಟಿದ್ದು, ನುಂಗಿ 12 ಗಂಟೆ ಆಗಿರದೆ, ಸರಾಗವಾಗಿ ನುಂಗಲು ಬರುತ್ತಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚ ಜೇನುತುಪ್ಪ ಕೊಡಬಹುದು, ಹೆಚ್ಚೆಂದರೆ ಆರು ಬಾರಿ. ಜೇನು ಹುಡುಕುತ್ತಾ ಮನೆಯಲ್ಲಿ ನಿಲ್ಲಬಾರದು ಎಂದು ಎರಡು ಸಲ ಹೇಳಿದೆ.

ಉಳಿದ ಸಮಯದಲ್ಲಿ ಹಳೆಯ ಲಗ್ನಪತ್ರಿಕೆಗಳನ್ನು 3.2 ಸೆಂ.ಮೀ. ಅಗಲದ ಕೊಳವೆಯಾಗಿ ಸುತ್ತಿಸಿದೆ. ಸಣ್ಣ ಬಿಡಿಭಾಗ ಅಳೆಯುವ ಪ್ರಮಾಣಿತ ಸಿಲಿಂಡರಿನ ವ್ಯಾಸ 31.7 ಮಿ.ಮೀ.; ಅದರೊಳಗೆ ಪೂರ್ತಿ ಅಡಗುವ ತುಂಡು ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಅಪಾಯ. ಗೋಲಿ, ಪೀಪಿಯ ತುದಿ, ಕಾರಿನ ಗಾಲಿ ಎಲ್ಲ ಒಳಗೆ ಇಳಿದವು. ಬಲೂನಿಗೆ ಮಾತ್ರ ಈ ಅಳತೆ ಸಾಲದು. ಒಡೆದ ಬಲೂನಿನ ತುಂಡನ್ನು ಕೂಡಲೇ ಎತ್ತಿಬಿಡಬೇಕು.

ಆ ಹುಡುಗನಿಗೆ ಬೇರೆ ಕೆಲಸ ಕೊಟ್ಟಿದ್ದೆ: ಸೆಲ್ ಇರುವ ಆಟಿಕೆಗಳಲ್ಲಿ ಮುಚ್ಚಳಕ್ಕೆ ಸ್ಕ್ರೂ ಇರುವುದೆಷ್ಟು, ಉಗುರಿನಿಂದ ತೆರೆಯುವುದೆಷ್ಟು? ಮರುದಿನ ಬಂದು, ಏಳು ನಮೂನೆಗಳಲ್ಲಿ ಎರಡಕ್ಕೆ ಮಾತ್ರ ಸ್ಕ್ರೂ ಇದೆ, ಉಳಿದವಕ್ಕೆ ಅಪ್ಪ ಟೇಪ್ ಸುತ್ತುತ್ತೇನೆ ಅಂದಿದ್ದಾನೆ ಎಂದ. ಟೇಪನ್ನು ಮಗು ಕಿತ್ತು ಹಾಕುತ್ತದೆ, ಅವನ್ನು ಸಣ್ಣ ಮಕ್ಕಳಿದ್ದವರಿಗೆ ಕೊಡದಿರುವುದೇ ಲೇಸು ಎಂದೆ. "ಹೇಳ್ತೀನ್ರೀ" ಎಂದ. ಮಾರುವ ಗದ್ದಲದಲ್ಲಿ ಎಷ್ಟು ನೆನಪಿರುತ್ತದೋ.

ಪಾಠ ಗೆದ್ದಿತೆಂದುಕೊಂಡಿದ್ದೆ. ಎರಡು ದಿನದ ನಂತರ ತರಗತಿ ಶಿಕ್ಷಕಿಗೆ ಒಬ್ಬ ತಾಯಿ ಫೋನ್ ಮಾಡಿದರು: ಮಗ ತಂಗಿಯ ಗೊಂಬೆ ಬಿಚ್ಚಿ, ಸೆಲ್ ತೆಗೆದು ಆಲೂಗಡ್ಡೆಯ ಮೇಲಿಟ್ಟಿದ್ದಾನೆ. ತಂಗಿ ಪಕ್ಕದಲ್ಲೇ ಕುಳಿತಿದ್ದಳಂತೆ. ಇದು ಮನೆಯಲ್ಲಿ ಮಾಡುವ ಪ್ರಯೋಗವಲ್ಲ ಎಂದು ನಾನು ಹೇಳಿರಲೇ ಇಲ್ಲ. ಮಾರನೆಯ ದಿನ ಹತ್ತು ನಿಮಿಷ ಕೇಳಿಕೊಂಡು ತರಗತಿಗೆ ಹೋಗಿ ಹೇಳಿಬಂದೆ. ಪಾಠಯೋಜನೆಯ ಪೂರ್ವಸಿದ್ಧತೆಯಲ್ಲಿ ಈಗ ಸೇರಿಸಿದ್ದೇನೆ: ಸೆಲ್ ಶಿಕ್ಷಕರ ಕೈಯಲ್ಲೇ ಇರಬೇಕು, ತರಗತಿಗೆ ತಂದಷ್ಟನ್ನು ಎಣಿಸಿ ಮರಳಿ ಒಯ್ಯಬೇಕು, ಬಳಸಿದ ಸೆಲ್ಲಿನ ಎರಡೂ ಬದಿಗೆ ಟೇಪ್ ಹಚ್ಚಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಕಪಾಟಿನ ಮೇಲಿಡಬೇಕು.