ತಿಂಗಳಿಗೆ 500 ರೂಪಾಯಿ: ರೈತರ ಮನೆ ಲೆಕ್ಕ

ಪಿಎಂ-ಕಿಸಾನ್ ಯೋಜನೆ 2019ರಲ್ಲಿ ಶುರುವಾಯ್ತು. ಜಮೀನಿರೋ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ, ನೇರ ಬ್ಯಾಂಕ್ ಖಾತೆಗೆ. ಅಂದ್ರೆ ತಿಂಗಳಿಗೆ 500. ಇದು ಮನೆ ಆದಾಯದಲ್ಲಿ ಎಷ್ಟು ಭಾಗ?

2018-19ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಕಾರ ದೇಶದ ಒಂದು ಕೃಷಿ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಕೂಲಿ-ಸಂಬಳದಿಂದ 4,063, ಬೆಳೆಯಿಂದ 3,798, ಸಾಕುಪ್ರಾಣಿಗಳಿಂದ 1,582. ರೈತರ ಮನೆಯಲ್ಲೂ ಬೆಳೆಗಿಂತ ಕೂಲಿ-ಸಂಬಳದ ದುಡ್ಡೇ ಜಾಸ್ತಿ! ಇದರ ಮುಂದೆ 500 ಅಂದ್ರೆ ಸುಮಾರು ಶೇ. 5.

ಈಗ ಇನ್ನೊಂದು ಲೆಕ್ಕ. ಕರ್ನಾಟಕದಲ್ಲಿ ಸಹಕಾರಿ ಡೇರಿಗೆ ಹಾಲು ಹಾಕೋರಿಗೆ ಸರ್ಕಾರದಿಂದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಇದೆ. ದಿನಕ್ಕೆ 8 ಲೀಟರಿನಂತೆ 300 ದಿನ ಹಾಕಿದ್ರೆ 8 × 5 × 300 = 12,000. ಪಿಎಂ-ಕಿಸಾನ್‌ನ ಎರಡರಷ್ಟು.

ಹಾಗಾದ್ರೆ ಹಾಲಿನ ಯೋಜನೆಯೇ ಮೇಲಾ? ಅಷ್ಟು ಸುಲಭ ಇಲ್ಲ. ಹಸುಗೆ ಮೇವು, ಹಿಂಡಿ ಖರ್ಚಿದೆ. ಬರಗಾಲದಲ್ಲಿ ಹಾಲು ಇಳಿದ್ರೆ ಪ್ರೋತ್ಸಾಹಧನವೂ ಇಳಿಯುತ್ತೆ. ಪಿಎಂ-ಕಿಸಾನ್ ಕಂತಿಗೂ ಮಳೆಗೂ ಸಂಬಂಧ ಇಲ್ಲ. ಆದ್ರೆ ಅದಕ್ಕೆ ಪಹಣಿಯಲ್ಲಿ ಹೆಸರಿರಬೇಕು. ಬೇರೆಯವರ ಹೊಲವನ್ನ ಗುತ್ತಿಗೆಗೋ ಪಾಲಿಗೋ ಮಾಡೋರಿಗೆ ಸಿಗಲ್ಲ, ಬೆವರು ಅವರದ್ದೇ ಆದ್ರೂ.

ಆದ್ದರಿಂದ ಯಾವ ಯೋಜನೆ ಬಂದ್ರೂ ‘ಎಷ್ಟು ಕೊಡ್ತಾರೆ?’ ಅಂತ ಮಾತ್ರ ಕೇಳಿದ್ರೆ ಸಾಲದು. ‘ಯಾರಿಗೆ? ಯಾವಾಗ?’ ಅಂತಲೂ ಕೇಳಬೇಕು.